ಒಲೆಗೆ ಹಾಕಿದ ಗುಳಿಗೆಗಳು

ನನಗೆ ಎದೆ ಒಂದು ದಿನವೂ ನೋಯಲಿಲ್ಲ. ಇದನ್ನು ಮೊದಲಿಗೇ ಬರೆದುಬಿಡುತ್ತೇನೆ. ಎದೆ ಹಿಡಿದುಕೊಂಡು ಕುಸಿದುಬಿದ್ದರೆ ಮಾತ್ರ ಹೃದಯದ ಕಾಯಿಲೆ ಎಂದು ನಂಬಿದ್ದವನು ನಾನು. ಹಾಗೆ ನಂಬಿದವರು ನಿಮ್ಮಲ್ಲೂ ಇರಬಹುದು. ಸಕ್ಕರೆ ಕಾಯಿಲೆ, ಬಿಪಿ ಎರಡೂ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಈ ಮುದುಕನ ಮಾತನ್ನು ಸ್ವಲ್ಪ ಹೊತ್ತು ಕೇಳಿ. ನಾನು ಹೈಸ್ಕೂಲು ಮುಗಿಸಿ ಭಟ್ಟಿಗೆ ಇಳಿದವನು. ಕಾಯಿಲೆಯ ವಿಚಾರ ನನಗಿಂತ ಚೆನ್ನಾಗಿ ಹೇಳುವವರು ಬೇಕಾದಷ್ಟು ಜನರಿದ್ದಾರೆ. ನಾನು ಹೇಳಬೇಕಾಗಿರುವುದು ನಾನು ಮಾಡಿದ ತಪ್ಪನ್ನು, ಆ ತಪ್ಪನ್ನು ನನ್ನ ಹೆಂಡತಿ ಹಾಲಮ್ಮನ ಕೈಯಲ್ಲಿ ಹಿಡಿಸಿ ಅವಳ ಬಾಯಿ ಕಟ್ಟಿದ ರೀತಿಯನ್ನು.

ಕೊಟ್ಟೂರಿನಲ್ಲಿ ನಮ್ಮದು ಮಂಡಕ್ಕಿ ಭಟ್ಟಿ. ಅಪ್ಪ ಹಾಕಿದ್ದು. ಅಕ್ಕಿಗೆ ಉಪ್ಪುನೀರು ಉಣಿಸಿ ಆರಿಸಿ, ಕಾದ ಮರಳಿನಲ್ಲಿ ಹುರಿದರೆ ಒಂದೊಂದು ಕಾಳೂ ಉಬ್ಬಿ ಮಂಡಕ್ಕಿಯಾಗುತ್ತದೆ. ಕೇಳಲು ಸುಲಭ. ಉಪ್ಪು ಕಡಿಮೆಯಾದರೆ ಬಾಯಿಗೆ ಹತ್ತುವುದಿಲ್ಲ, ಹೆಚ್ಚಾದರೆ ಯಾರೂ ಕೊಳ್ಳುವುದಿಲ್ಲ. ಆ ಹದ ನೋಡುವುದಕ್ಕೆ ನಮ್ಮಲ್ಲಿ ಯಾವ ಮಾಪನವೂ ಇಲ್ಲ, ಯಜಮಾನನ ನಾಲಗೆಯೇ ಮಾಪನ. ಪ್ರತಿ ಸಲ ಉಪ್ಪುನೀರು ಕಲಸಿದಾಗ ಬೆರಳದ್ದಿ ನೆಕ್ಕುವುದು, ನೆನೆದ ಅಕ್ಕಿಯನ್ನು ಬಾಯಿಗೆ ಹಾಕಿ ನೋಡುವುದು, ಹುರಿದ ಮೇಲೆ ಮತ್ತೊಂದು ಹಿಡಿ. ಹರಪನಹಳ್ಳಿ, ಕೂಡ್ಲಿಗಿಯ ಅಂಗಡಿಯವರು ನಮ್ಮ ಮಂಡಕ್ಕಿಯನ್ನು ಕೇಳಿ ಒಯ್ಯುತ್ತಿದ್ದುದು ನನ್ನ ನಾಲಗೆಯಿಂದಲೇ ಎಂಬ ಸೊಕ್ಕು ನನಗಿತ್ತು.

ನೋಡಿದ್ದನ್ನು ಉಗುಳಬಹುದಲ್ಲ ಎಂದು ನೀವು ಕೇಳಬಹುದು. ಅಪ್ಪನ ಕಟ್ಟಳೆ ಬೇರೆ ಇತ್ತು. ನಾವು ಬೆಳಿಗ್ಗೆ ಒಲೆಗೆ ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗಿ ಉರಿ ಹಾಕುವವರು. ಒಲೆಯ ಮುಂದೆ ಉಗುಳಬಾರದು, ಅದರಲ್ಲೂ ಉಪ್ಪನ್ನು ಉಗುಳಲೇಬಾರದು. ಹಾಗಾಗಿ ಹುಡುಗನಾಗಿದ್ದಾಗಿನಿಂದ ನುಂಗಿದೆ. ಬೆಂಕಿಯ ಮುಂದೆ ಸುರಿಯುವ ಬೆವರಿನಲ್ಲಿ ತಿಂದ ಉಪ್ಪೆಲ್ಲ ಹೊರಗೆ ಹೋಗುತ್ತದೆ, ಭಟ್ಟಿಯವರಿಗೆ ಬಿಪಿ ಬರುವುದಿಲ್ಲ ಎಂದು ನಮ್ಮವರೆಲ್ಲ ಹೇಳುತ್ತಿದ್ದರು. ನಾನೂ ಹೇಳುತ್ತಿದ್ದೆ.

ಬಿಪಿ ಬಂತು. ಅದರ ಜೊತೆಗೆ ಸಕ್ಕರೆಯೂ ಬಂತು. ಹಗರಿಬೊಮ್ಮನಹಳ್ಳಿಯಲ್ಲಿ ತಂಗಿಯ ಮನೆಗೆ ಹೋದಾಗ ತಲೆ ಸುತ್ತಿ, ಅಲ್ಲಿನ ಡಾಕ್ಟರ ಹತ್ತಿರ ತೋರಿಸಿದಾಗ ತಿಳಿಯಿತು. ಮುಂದೆಯೂ ಅಲ್ಲಿಗೇ ಹೋಗುವುದೆಂದು ತೀರ್ಮಾನಿಸಿದೆ. ಕೊಟ್ಟೂರಿನಲ್ಲಿ ತೋರಿಸಿದರೆ ಊರಿಗೆಲ್ಲ ಗೊತ್ತಾಗುತ್ತದೆ.

"ಸಕ್ಕರಿ ರೋಗದವನ ಕೈ ಮಂಡಕ್ಕಿ ಅಂದ್ರ ಯಾರು ತಗೊಂತಾರ?" ಎಂದೆ ಹಾಲಮ್ಮನಿಗೆ.

"ಸಕ್ಕರಿ ಕೈಯಾಗ ಇರಂಗಿಲ್ರಿ, ರಕ್ತದಾಗ ಇರ್ತತಿ," ಎಂದಳು ಅವಳು. "ಕೈ ತೊಳ್ಕೊಂಡ್ರ ಹೋಗೋ ಹಂಗಿದ್ರ ನಾನ ತಿಕ್ಕಿ ತೊಳೀತಿದ್ದೆ."

ಗುಳಿಗೆ ಶುರುವಾದ ಕೆಲವೇ ದಿನಗಳಲ್ಲಿ, ಮರಳಿನ ಬಾಣಲೆಯ ಮುಂದೆ ನಿಂತಿದ್ದಾಗ ಕಣ್ಣು ಕತ್ತಲೆಗಟ್ಟಿತು. ಆಸರೆಗೆಂದು ಕೈ ಊರಿದ್ದು ಬಾಣಲೆಯ ಅಂಚಿನ ಮೇಲೆ. ಅಂಗೈ ಬೆಂದಿತು. ಕೆಲಸದವರು ಓಡಿ ಬಂದು ಹಿಡಿದುಕೊಂಡರು. ಅವರಲ್ಲೊಬ್ಬ ನಗುತ್ತ, "ಯಜಮಾನ್ರಿಗೆ ಇನ್ನ ಮನ್ಯಾಗ ಕುಂದ್ರೋ ವಯಸ್ಸಾತು" ಎಂದ. ಬೆಂದ ಅಂಗೈಗಿಂತ ಆ ಮಾತು ಹೆಚ್ಚು ಸುಟ್ಟಿತು. ಡಾಕ್ಟರಿಗೆ ಹೇಳಿದ್ದರೆ ಗುಳಿಗೆ ಬದಲಿಸುತ್ತಿದ್ದರೋ, ಪ್ರಮಾಣ ಇಳಿಸುತ್ತಿದ್ದರೋ. ನಾನು ಹೇಳಲಿಲ್ಲ. ಮರುದಿನದಿಂದ ಹಾಲಮ್ಮ ಚಹಾದ ಜೊತೆ ತಂದಿಡುತ್ತಿದ್ದ ಗುಳಿಗೆಗಳನ್ನು "ಭಟ್ಟ್ಯಾಗ ತಗೊಂತೀನಿ" ಎಂದು ಅಂಗಿಯ ಜೇಬಿಗೆ ಹಾಕಿಕೊಂಡೆ. ಭಟ್ಟಿಗೆ ಬಂದು, ಯಾರೂ ನೋಡದ ಹೊತ್ತಿನಲ್ಲಿ ಶೇಂಗಾ ಹೊಟ್ಟಿನ ಜೊತೆ ಒಲೆಯ ಬಾಯಿಗೆ ಎಸೆದೆ.

ಉಪ್ಪು ಉಗುಳಬಾರದ ಒಲೆಗೆ ಗುಳಿಗೆ ಎಸೆಯುವುದು ತಪ್ಪು ಎಂದು ನನಗೆ ಆಗ ಅನ್ನಿಸಲಿಲ್ಲ.

ಹಗರಿಬೊಮ್ಮನಹಳ್ಳಿಗೆ ಹೋದಾಗಲೆಲ್ಲ ಬಿಪಿ ಹೆಚ್ಚೇ ಇರುತ್ತಿತ್ತು. ಪಾಪ, ಆ ಡಾಕ್ಟರು ಗುಳಿಗೆ ಸಾಲುತ್ತಿಲ್ಲ ಎಂದುಕೊಂಡು ಹೆಚ್ಚು ಮಾಡುತ್ತ ಹೋದರು. ಚೀಟಿಯಲ್ಲಿ ಗುಳಿಗೆಗಳು ಬೆಳೆದವು, ಒಲೆಗೆ ಬೀಳುವುದೂ ಬೆಳೆಯಿತು. ಒಮ್ಮೆ ಅವರು "ಊಟದಾಗ ಉಪ್ಪು ಕಡಿಮಿ ಐತೇನ್ರಿ?" ಎಂದಾಗ ಹಾಲಮ್ಮ ಬಾಯಿ ತೆರೆದಳು. "ಊಟದಾಗ ಅಲ್ರಿ, ಭಟ್ಟ್ಯಾಗ ಇವ್ರು..." ಎನ್ನುವಷ್ಟರಲ್ಲಿ ನಾನು, "ಆಕಿಗೆ ಏನೂ ತಿಳ್ಯಂಗಿಲ್ರಿ ಡಾಕ್ಟರೇ, ನನ್ನ ಕೇಳ್ರಿ" ಎಂದೆ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ನೋಡಿದಳು.

ಒಲೆಯ ಬೂದಿಯನ್ನು ಪಾತ್ರೆ ತಿಕ್ಕಲು ಹಾಲಮ್ಮ ಮನೆಗೆ ಒಯ್ಯುತ್ತಿದ್ದಳು. ಒಂದು ದಿನ ಜರಡಿಯಲ್ಲಿ ಬೂದಿ ಸಾಣಿಸುವಾಗ, ಅರ್ಧ ಸುಟ್ಟ ಗುಳಿಗೆ ಹಾಳೆಯೊಂದು ಹೊಳೆಯಿತು. ಆತುರದಲ್ಲಿ ನಾನು ಬಿಡಿಸದೆ ಎಸೆದದ್ದು. ಅದನ್ನು ಹಿಡಿದುಕೊಂಡು ಭಟ್ಟಿಗೆ ಬಂದಳು. ಕೆಲಸದವರು ಊಟಕ್ಕೆ ಹೋಗಿದ್ದರು.

"ಇದೇನ್ರಿ ಇದು?"

ನಾನು ಒಲೆಗೆ ಇನ್ನೊಂದು ಹಿಡಿ ಹೊಟ್ಟು ಎಸೆದೆ.

"ನಿಮಗ ಕೊಡೋ ಗುಳಿಗಿ ಒಲಿಗೆ ಕೊಡಾಕತ್ತೀರೇನು? ಒಲಿಗೆ ಬಿಪಿ ಬಂದೈತೇನು?"

ಬೇರೆ ಸಮಯದಲ್ಲಾಗಿದ್ದರೆ ನಗು ಬರುತ್ತಿತ್ತು. ಅವಳ ಕಣ್ಣು ತುಂಬಿತ್ತು. "ಇವತ್ತ ಕೊಟ್ರೇಶಗ ಹೇಳ್ತೀನಿ" ಎಂದಳು. ಕೊಟ್ರೇಶ ನಮ್ಮ ಮಗ. ಭಟ್ಟಿಯ ಮಾಲನ್ನು ತನ್ನ ಗೂಡ್ಸ್ ಗಾಡಿಯಲ್ಲಿ ಊರೂರಿಗೆ ಮುಟ್ಟಿಸುವವನು ಅವನೇ. ಅವನಿಗೆ ತಿಳಿದರೆ ಭಟ್ಟಿಯ ಗಾದಿ ಬಿಟ್ಟು ಏಳಬೇಕಾಗುತ್ತದೆಂದು ನನಗೆ ಗೊತ್ತಿತ್ತು. ಆ ಭಯದಲ್ಲಿ ನಾನು ಮಾಡಿದ ಕೆಲಸವನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ.

ಪಕ್ಕದ ಹಂಡೆಯಿಂದ ಒಂದು ಹಿಡಿ ಕಲ್ಲುಪ್ಪು ತೆಗೆದು ಅವಳ ಬಲಗೈಯಲ್ಲಿಟ್ಟೆ. ಬೆರಳು ಮುಚ್ಚಿ ಮೇಲೆ ನನ್ನ ಕೈ ಒತ್ತಿದೆ. ನಮ್ಮ ಭಟ್ಟಿಯ ಮನೆಗಳಲ್ಲಿ ಉಪ್ಪು ಹಿಡಿದು ಮಾಡಿದ ಆಣೆಯನ್ನು ಯಾರೂ ಮುರಿಯುವುದಿಲ್ಲ. ಮುರಿದರೆ ಯಾರ ಮೇಲೆ ಆಣೆ ಮಾಡಿದ್ದೋ ಅವರ ಜೀವಕ್ಕೆ ಎರವು ಎಂದು ನಂಬಿದವರು ನಾವು. ಆಣೆ ಹಾಕಿಸಿದವನೇ ಮತ್ತೆ ಉಪ್ಪು ಮುಟ್ಟಿಸಿ ಬಿಟ್ಟರೆ ಮಾತ್ರ ಬಿಡುಗಡೆ.

"ನನ್ನ ಜೀವದ ಮ್ಯಾಲ ಆಣಿ. ಈ ಗುಳಿಗಿ ಸುದ್ದಿ ಮಗನ ಮುಂದಾಗ್ಲಿ, ಡಾಕ್ಟರ ಮುಂದಾಗ್ಲಿ, ಯಾರ ಮುಂದೂ ಆಡಬಾರ್ದು."

ಅವಳು ಕೈ ಬಿಡಿಸಿಕೊಳ್ಳಲು ನೋಡಿದಳು. ನಾನು ಬಿಡಲಿಲ್ಲ. ಕೊನೆಗೆ "ಹೂಂ" ಎಂದಳು. ಕೈ ಬಿಚ್ಚಿದಾಗ ಉಪ್ಪಿನ ಹರಳುಗಳು ಅಂಗೈಗೆ ನೆಟ್ಟಿದ್ದವು.

ಆಮೇಲೆ ಸೂಚನೆಗಳು ಬರತೊಡಗಿದವು. ಅವನ್ನೆಲ್ಲ ನಾನು ಭಟ್ಟಿಯ ಲೆಕ್ಕಕ್ಕೆ ಹಾಕಿದೆ. ಮೂಟೆ ಎತ್ತಿದರೆ ಉಸಿರು ಕಟ್ಟುತ್ತಿತ್ತು, ಅದು ಹೊಗೆ ಎಂದೆ. ಸಂಜೆಗೆ ಪಾದ ಬಾತು ಚಪ್ಪಲಿ ಹಿಡಿಯುತ್ತಿರಲಿಲ್ಲ, ದಿನವೆಲ್ಲ ನಿಂತದ್ದಕ್ಕೆ ಎಂದೆ. ಮಲಗಿದರೆ ಕೆಮ್ಮು ಬಂದು, ಗೋಡೆಗೊರಗಿ ಕುಳಿತರೆ ಹಗುರಾಗುತ್ತಿತ್ತು, ಹೊಟ್ಟಿನ ಧೂಳು ಎಂದೆ. ಬೆವರಿಗಂತೂ ಕಾರಣ ಹುಡುಕುವುದೇ ಬೇಡ, ಬೆಂಕಿಯ ಮುಂದೆ ಯಾರು ಬೆವರುವುದಿಲ್ಲ? ಹಾಲಮ್ಮ ನನ್ನನ್ನೇ ನೋಡುತ್ತಿದ್ದಳು. ಅವಳಿಂದ ಹೇಳುವ ಹಕ್ಕನ್ನು ನಾನು ಕಿತ್ತುಕೊಂಡಿದ್ದೆ. ಆದರೂ ಪ್ರತಿ ಬೆಳಿಗ್ಗೆ ಚಹಾದ ಪಕ್ಕದಲ್ಲಿ ಗುಳಿಗೆಗಳನ್ನು ತಂದಿಡುವುದನ್ನು ಮಾತ್ರ ಬಿಡಲಿಲ್ಲ. ಇಟ್ಟು, ಒಂದು ಗಳಿಗೆ ನಿಂತು, ಒಳಗೆ ಹೋಗುತ್ತಿದ್ದಳು.

ಅದು ಬೇಸಿಗೆಯ ಒಂದು ಮಧ್ಯಾಹ್ನ. ಹರಪನಹಳ್ಳಿಗೆ ಹೋಗಬೇಕಾದ ಮಾಲನ್ನು ಕೊಟ್ರೇಶ ಗಾಡಿಗೆ ಏರಿಸುತ್ತಿದ್ದ. ನನಗೆ ಹೊಟ್ಟೆ ತೊಳಸಿದಂತಾಯಿತು, ಎಡದವಡೆ ಜೋಮು ಹಿಡಿದಂತಾಯಿತು. ಒಲೆ ಬಿಟ್ಟು ಹೊರಗೆ ಬಂದು ಬೇವಿನ ಮರದ ಕೆಳಗೆ ಕುಳಿತೆ. ಗಾಳಿ ಚೆನ್ನಾಗಿ ಬೀಸುತ್ತಿತ್ತು. ಬುತ್ತಿ ತಂದಿದ್ದ ಹಾಲಮ್ಮ ನನ್ನ ಹಣೆ ಮುಟ್ಟಿದಳು. ಬೆನ್ನ ಮೇಲೆ ಕೈಯಾಡಿಸಿದಳು. ಅಂಗಿ ತೊಯ್ದು ಮೈಗೆ ಅಂಟಿತ್ತು.

"ಕೊಟ್ರೇಶಾ!" ಎಂದು ಕೂಗಿದಳು. "ಮೂಟಿ ಕೆಳಗ ಒಗಿ. ಗಾಡಿ ತಿರುಗ್ಸು."

"ಯಾಕವ್ವಾ?"

"ಒಲಿ ಬಿಟ್ಟು ನೆಳ್ಳಿಗೆ ಬಂದ್ರೂ ಬೆವರು ನಿಂತಿಲ್ಲ. ಮುಟ್ಟಿದ್ರ ತಣ್ಣಗ ಐತಿ. ಇದು ಒಲಿ ಬೆವರಲ್ಲ."

ಅವಳು ಅಂದು ಆ ಮಾತನ್ನು ಹೇಳದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಊರಿನ ಆಸ್ಪತ್ರೆಯಲ್ಲಿ ಎದೆಗೆ ತಂತಿ ಹಚ್ಚಿ ಇಸಿಜಿ ತೆಗೆದರು. ಅಲ್ಲಿದ್ದ ಡಾಕ್ಟರು ಮತ್ತೆ ಮತ್ತೆ ಕೇಳಿದರು, "ಎದಿ ನೋವು ಐತೇನ್ರಿ? ಒತ್ತಿದಂಗ? ಉರಿದಂಗ?" ನಾನು ಇಲ್ಲ ಎಂದೆ. ಅದು ನಿಜವಾಗಿತ್ತು. "ಸಕ್ಕರಿ ಐತೇನು?" ಎಂದರು. ನಾನು ಕಣ್ಣು ಮುಚ್ಚಿಕೊಂಡೆ. ಹಾಲಮ್ಮ "ಐತ್ರಿ, ಬಿಪಿನೂ ಐತ್ರಿ" ಎಂದಳು. ಆಣೆ ಇದ್ದದ್ದು ಗುಳಿಗೆಯ ಮಾತಿಗೆ ಮಾತ್ರ. ಉಳಿದದ್ದನ್ನೆಲ್ಲ ಹೇಳಲು ಅವಳು ಸಿದ್ಧಳಾಗಿದ್ದಳು. ಡಾಕ್ಟರು ಕೊಟ್ರೇಶನನ್ನು ಪಕ್ಕಕ್ಕೆ ಕರೆದರು. ಅವನ ಮುಖ ಬಿಳಿಚಿದ್ದನ್ನು ನೋಡಿ ನನಗೆ ಮೊದಲ ಬಾರಿಗೆ ಹೆದರಿಕೆಯಾಯಿತು.

ದಾವಣಗೆರೆಗೆ ಒಯ್ಯಲು ಆಂಬುಲೆನ್ಸ್ ಬಂತು. ದಾರಿಯುದ್ದಕ್ಕೂ ಹಾಲಮ್ಮ ನನ್ನ ಪಾದ ಹಿಡಿದು ಕುಳಿತಿದ್ದಳು. ಹರಪನಹಳ್ಳಿ ದಾಟಿದ ಮೇಲೆ ಕೊಟ್ರೇಶ ನನ್ನ ಕಿವಿಯ ಹತ್ತಿರ ಬಗ್ಗಿದ.

"ಅಪ್ಪಾ, ಗುಳಿಗಿ ಒಂದೂ ತಪ್ಪಿಸಿಲ್ಲ ಹೌದಲ್ಲ?"

ನಾನು ತಲೆಯಾಡಿಸಿದೆ. ಹೌದು ಎನ್ನುವಂತೆ. ಪಾದದ ಮೇಲಿದ್ದ ಕೈ ಒಂದು ಸಲ ಬಿಗಿಯಾಗಿ, ಮತ್ತೆ ಸಡಿಲಾಯಿತು.

ದೊಡ್ಡಾಸ್ಪತ್ರೆಯಲ್ಲಿ ಮುಖಕ್ಕೆ ಆಮ್ಲಜನಕದ ಮುಖವಾಡ ಕಟ್ಟಿದರು. ಎದೆಯಲ್ಲಿ ನೀರು ತುಂಬಿದೆ ಎನ್ನುವುದು ಕೇಳಿಸಿತು. ಬಾವಿಯಲ್ಲಿ ಮುಳುಗಿದವನಿಗೆ ಹೇಗಿರುತ್ತದೋ ಹಾಗಿತ್ತು, ಆದರೆ ನೋವಿಲ್ಲ. ನೋವಿದ್ದಿದ್ದರೆ ಒದ್ದಾಡಿ ಚೀರುತ್ತಿದ್ದೆ, ಅದೇ ಒಂದು ಸಮಾಧಾನವಾಗುತ್ತಿತ್ತೇನೋ. ಪರದೆಯ ಪಕ್ಕದಲ್ಲಿ ಡಾಕ್ಟರಮ್ಮ ಒಬ್ಬರು, ಮಗಳ ವಯಸ್ಸಿನವರು, ಹಗರಿಬೊಮ್ಮನಹಳ್ಳಿಯ ಚೀಟಿ ಹಿಡಿದು ಹಾಲಮ್ಮನನ್ನು ವಿಚಾರಿಸುತ್ತಿದ್ದರು.

"ಈ ಮಾತ್ರೆ ಎಲ್ಲಾ ದಿನಾ ತಗೋತಿದ್ರಾ?"

"ತಗೊಂತಾರ್ರಿ."

"ತಪ್ಪಿಸದೆ?"

"ತಪ್ಪಿಸದ."

"ಅಮ್ಮಾ, ಮೂರು ತಿಂಗಳ ಸಕ್ಕರೆ ಲೆಕ್ಕ ನೋಡಿದ್ರೆ ಹಾಗೆ ಅನ್ಸಲ್ಲ. ನಿಜ ಹೇಳಿ. ನಾವು ಬೈಯೋದಿಲ್ಲ."

ಹಾಲಮ್ಮ ತಿರುಗಿ ನನ್ನ ಕಡೆ ನೋಡಿದಳು. ನನ್ನ ಬಾಯಿಗೆ ಮುಖವಾಡವಿತ್ತು, ಆದರೆ ಕಣ್ಣಿತ್ತು, ಕೈಯಿತ್ತು. ಒಂದು ಬೆರಳು ಎತ್ತಿದ್ದರೂ ಸಾಕಿತ್ತು. ಬಾಗಿಲಲ್ಲಿ ಕೊಟ್ರೇಶ ನಿಂತಿದ್ದ. ನಾನು ಕಣ್ಣು ಮುಚ್ಚಿದೆ.

"ನಾನ ಕೈಯಾರೆ ಕೊಡ್ತೀನ್ರಿ," ಎಂದಳು. ಅದು ನಿಜವೇ. ಅವಳು ಕೊಡುತ್ತಿದ್ದುದಂತೂ ನಿಜ.

ಅಂದೇ ರಕ್ತನಾಳಕ್ಕೆ ನಳಿಕೆ ಹಾಯಿಸಿ ನೋಡಿದರು. ಒಂದು ಕಡೆ ಪೂರ್ತಿ ಕಟ್ಟಿಕೊಂಡಿತ್ತು, ಅಲ್ಲಿಗೆ ಸ್ಟೆಂಟ್ ಹಾಕಿದರು. ಆಮೇಲೆ ವಾರ್ಡಿಗೆ ತಂದರು. ಪಕ್ಕದ ಹಾಸಿಗೆಯಲ್ಲಿ ಮಾಗಳದ ನಿಂಗಪ್ಪ ಎಂಬುವನಿದ್ದ, ಸಕ್ಕರೆಯಿಂದ ಪಾದ ಕೊಳೆತು ಎರಡು ಬೆರಳು ತೆಗೆಸಿಕೊಂಡವನು. ಮೊಳೆ ಚುಚ್ಚಿದ್ದೇ ಅವನಿಗೆ ಗೊತ್ತಾಗಿರಲಿಲ್ಲವಂತೆ.

"ನಿಂದು ಎದಿ, ನಂದು ಕಾಲು," ಎಂದ ನಗುತ್ತ. "ಮಾಲು ಮಾತ್ರ ಒಂದ ಅಂಗಡೀದು ಬಿಡು ಯಜಮಾನಾ."

ಅವನ ಹೆಂಡತಿ ತಮ್ಮ ಬುತ್ತಿಯ ರೊಟ್ಟಿಯಲ್ಲಿ ಹಾಲಮ್ಮನಿಗೂ ಮುರಿದು ಕೊಟ್ಟಳು. ಹಾಲಮ್ಮ ಕೈಯಲ್ಲಿ ಹಿಡಿದುಕೊಂಡೇ ಕುಳಿತಿದ್ದಳು, ತಿನ್ನಲಿಲ್ಲ. ಅವಳು ಏಕೆ ತಿನ್ನುತ್ತಿಲ್ಲವೆಂದು ನನಗೊಬ್ಬನಿಗೇ ಗೊತ್ತಿತ್ತು. ಹೇಳಿದರೆ ಆಣೆ ನನ್ನ ಜೀವ ತೆಗೆಯುತ್ತದೆ, ಹೇಳದಿದ್ದರೆ ಕಾಯಿಲೆ ತೆಗೆಯುತ್ತದೆ. ಆ ನಡುವೆ ಅವಳನ್ನು ಕೂಡಿಸಿದವನು ನಾನು. ಕೊಟ್ರೇಶ ಹೊರಗೆ ಹೋದಾಗ ಡಾಕ್ಟರಮ್ಮನಿಗೆ ಹೇಳಿಬಿಡೋಣ ಎಂದುಕೊಳ್ಳುತ್ತಿದ್ದೆ. ಅವನು ಹೊರಗೆ ಹೋಗುತ್ತಿದ್ದ, ಬರುತ್ತಿದ್ದ, ನಾನು ಸೂರು ನೋಡುತ್ತ ಮಲಗಿರುತ್ತಿದ್ದೆ.

ಮರುದಿನ ಬೆಳಿಗ್ಗೆ ಡಾಕ್ಟರಮ್ಮ ಬಂದು ಬಿಪಿ ನೋಡಿದರು. "ಇಷ್ಟು ಮಾತ್ರೆ ತಗೊಂಡೂ ಇಷ್ಟಿದೆ ಅಂದ್ರೆ ಸಾಲ್ತಿಲ್ಲ. ಹಳೇವೆಲ್ಲ ಮುಂದುವರಿಸಿ, ಹೊಸದೊಂದು ಸೇರಿಸಿ" ಎಂದು ನರ್ಸಿಗೆ ಹೇಳಿ ಹೋದರು. ಆಗಲಾದರೂ ಬಾಯಿ ಬಿಡಬೇಕಿತ್ತು. ನರ್ಸಮ್ಮ ಸಣ್ಣ ಬಟ್ಟಲಲ್ಲಿ ಗುಳಿಗೆ ತಂದು ಎದುರಿಗೇ ನಿಂತರು. ವರ್ಷಗಟ್ಟಲೆ ಒಲೆಗೆ ಹಾಕಿದ್ದೆಲ್ಲ ಒಟ್ಟಿಗೆ ನನ್ನ ಮುಂದೆ ಬಂದು ಕುಳಿತಂತಿತ್ತು. ಹಾಲಮ್ಮ ಎದ್ದು ನಿಂತಳು. "ಎಲ್ಲಾ ಒಮ್ಮೆಲೇ ಕೊಡ್ತೀರೇನವ್ವಾ?" ಎಂದಳು. "ದಿನಾ ತಗೊಳ್ಳೋವೇ ಅಲ್ವಾ ಅಜ್ಜೀ?" ಎಂದರು ನರ್ಸಮ್ಮ. ಹಾಲಮ್ಮ ನನ್ನ ಕಡೆ ನೋಡಿದಳು. ನಾನು ನುಂಗಿದೆ.

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಕಿಟಕಿಯ ಬೆಳಕು ಹಳದಿಯಾಯಿತು. ನಿಂಗಪ್ಪ ಏನೋ ಹೇಳುತ್ತಿದ್ದ, ದನಿ ಬಹಳ ದೂರದಿಂದ ಬಂದಂತಿತ್ತು. ಮೈಯೆಲ್ಲ ಬೆವರಿತು, ಬೇವಿನ ಮರದ ಕೆಳಗೆ ಬಂದಂಥದೇ ತಣ್ಣನೆಯ ಬೆವರು. "ಲೇ ಹಾಲಮ್ಮಾ" ಎಂದೆನಂತೆ. ಅವಳು ಕೂಗಿದಳು. ನರ್ಸಮ್ಮ ಓಡಿ ಬಂದು ತೋಳಿಗೆ ಪಟ್ಟಿ ಕಟ್ಟಿ, ಎರಡನೆಯ ಸಲ ಕಟ್ಟಿ, ಡಾಕ್ಟರನ್ನು ಕರೆಯಲು ಓಡಿದರು.

ಡಾಕ್ಟರಮ್ಮ ಇನ್ನಿಬ್ಬರ ಜೊತೆ ಬಂದರು. ಅವರ ಮಾತುಗಳು ನನಗೆ ತುಂಡುತುಂಡಾಗಿ ಕೇಳುತ್ತಿದ್ದವು. ಬಿಪಿ ಬಿದ್ದುಹೋಗಿದೆ. ಮಾತ್ರೆಯಿಂದ ಆಗಿರಲಾರದು, ಇವೆಲ್ಲ ಅವರಿಗೆ ರೂಢಿಯಾದ ಮಾತ್ರೆ. ಸ್ಟೆಂಟ್ ಕಟ್ಟಿಕೊಂಡಿರಬಹುದು, ಒಳಗೆಲ್ಲೋ ರಕ್ತ ಸೋರುತ್ತಿರಬಹುದು. ನಳಿಕೆ ಹಾಯಿಸಿ ನೋಡಲು ಮತ್ತೆ ಒಳಗೆ ತಗೊಳ್ಳಬೇಕು, ತಕ್ಷಣ. "ಆದರೆ ಈ ಸ್ಥಿತಿಯಲ್ಲಿ ತಡಕೊಳ್ತಾರೋ ಇಲ್ವೋ ಹೇಳೋಕಾಗಲ್ಲ" ಎಂದು ಕೊಟ್ರೇಶನಿಗೆ ಹೇಳಿದರು. ಅವನು "ಅಪ್ಪಾ, ಅಪ್ಪಾ" ಎಂದ. ಮಂಚದ ಚಕ್ರದ ಬಿಗಿ ಬಿಚ್ಚಿದ ಸದ್ದಾಯಿತು.

ಹಾಲಮ್ಮ ಮಂಚದ ಸರಳು ಹಿಡಿದಿದ್ದಳು. ಬಿಡಲಿಲ್ಲ. ಅವಳ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಬಲಗೈಯನ್ನು ಮಾತ್ರ ಮುಷ್ಟಿ ಮಾಡಿ ಎದೆಗೊತ್ತಿಕೊಂಡಿದ್ದಳು. ಒಳಗೆ ಇನ್ನೂ ಆ ಉಪ್ಪು ಇದೆಯೇನೋ ಎನ್ನುವಂತೆ.

ಆ ಮುಷ್ಟಿ ನೋಡಿ ನನ್ನ ಸೊಕ್ಕು ಮುರಿಯಿತು. ಸಾವಿನ ಭಯದಿಂದ ಮುರಿಯಿತು ಎಂದರೂ ತಪ್ಪಲ್ಲ, ಎರಡೂ ಇತ್ತು. ಮತ್ತೆ ಕಟ್ಟಿದ್ದ ಮುಖವಾಡ ಕೆಳಗೆಳೆದುಕೊಂಡೆ.

"ಹಾಲಮ್ಮಾ, ಆಣಿ ಬಿಟ್ಟೀನಿ. ಹೇಳು."

ಅವಳು ಆಗುವುದಿಲ್ಲವೆಂದು ತಲೆಯಾಡಿಸಿದಳು. "ಉಪ್ಪು ಮುಟ್ಟಿ ಬಿಡ್ಬೇಕ್ರಿ," ಎಂದಳು. ದನಿಯೇ ಇರಲಿಲ್ಲ. "ಉಪ್ಪು ಎಲ್ಲೈತ್ರಿ ಇಲ್ಲಿ?"

ಹುಚ್ಚು ಎನ್ನಿಸಬಹುದು ನಿಮಗೆ. ನನಗೆ ಅನ್ನಿಸಲಿಲ್ಲ. ಆ ಹುಚ್ಚನ್ನು ಅವಳ ಕೈಯಲ್ಲಿ ಇಟ್ಟವನೇ ನಾನು. ಆ ವಾರ್ಡಿನಲ್ಲಿ ಉಪ್ಪಿಲ್ಲದ ಗಂಜಿ, ಉಪ್ಪಿಲ್ಲದ ಸಾರು. ಒಂದು ಹರಳೂ ಇರಲಿಲ್ಲ. ಅವಳ ಮುಷ್ಟಿ ಬಿಡಿಸಿ, ಕೈಯನ್ನು ಎಳೆದು ನನ್ನ ಹಣೆಯ ಮೇಲೆ ಇಟ್ಟುಕೊಂಡೆ. ಹಣೆಯಿಂದ ಬೆವರು ಕಿವಿಗಿಳಿಯುತ್ತಿತ್ತು.

"ಇದೂ ಉಪ್ಪ ಅಲ್ಲೇನು? ಹುಟ್ಟಿದಾಗಿಂದ ನುಂಗಿದ್ದು. ಇದನ್ನ ಮುಟ್ಟಿ ಬಿಟ್ಟೀನಿ. ಹೇಳವ್ವಾ."

ಅವಳು ಕೈ ತೆಗೆಯದೆ ಡಾಕ್ಟರಮ್ಮನ ಕಡೆ ತಿರುಗಿದಳು. "ಇವ್ರು ಒಂದ ಗುಳಿಗಿನೂ ತಗೊಂಡಿಲ್ರಿ," ಎಂದಳು. "ಎಲ್ಲಾ ಒಲಿಗೆ ಹಾಕ್ಯಾರ. ವರ್ಷಗಟ್ಟಲೆ. ಇವತ್ತ ಮೊದ್ಲು, ಎಲ್ಲಾ ಕೂಡಿ ಹೊಟ್ಟಿಗೆ ಹೋಗ್ಯಾವ." ಅಷ್ಟು ಹೇಳಿ ಜೋರಾಗಿ ಅತ್ತಳು.

ಆಮೇಲೆ ಡಾಕ್ಟರಮ್ಮ, "ಮಂಚ ನಿಲ್ಸಿ. ಕಾಲು ಮೇಲೆ ಮಾಡಿ" ಎಂದರು. ಮತ್ತೆ ಇಸಿಜಿ ತೆಗೆದರು, ಅಲ್ಲೇ ಯಂತ್ರ ತಂದು ಎದೆಯ ಒಳಗನ್ನು ನೋಡಿದರು. ಸ್ಟೆಂಟ್ ಸರಿಯಾಗಿಯೇ ಇತ್ತು. ರಕ್ತ ಎಲ್ಲೂ ಸೋರಿರಲಿಲ್ಲ. ಕೈಯ ನಳಿಕೆಯಲ್ಲಿ ಅಳೆದು ಅಳೆದು ನೀರು ಬಿಟ್ಟರು, ಹೆಚ್ಚಾದರೆ ಮತ್ತೆ ಎದೆಗೆ ತುಂಬುತ್ತದೆಂದು ಪಕ್ಕದಲ್ಲೇ ನಿಂತು ನೋಡಿದರು. ಕಿಟಕಿಯ ಬೆಳಕು ಮೆಲ್ಲಗೆ ಬೆಳ್ಳಗಾಯಿತು. ಅಷ್ಟು ಹೊತ್ತು ಉಸಿರು ಬಿಗಿಹಿಡಿದಿದ್ದ ನಿಂಗಪ್ಪ, "ಒಲೀದು ಬಿಪಿ ಹೆಂಗೈತಿ ಈಗ ಯಜಮಾನಾ?" ಎಂದ. ಅವನ ಹೆಂಡತಿ ಅವನ ಬಾಯಿ ಮುಚ್ಚಿಸಿದಳು.

ಕೊಟ್ರೇಶ ನನ್ನ ಜೊತೆ ಮಾತಾಡಲಿಲ್ಲ. ಅಂದೂ ಇಲ್ಲ, ಮರುದಿನವೂ ಇಲ್ಲ. ಹಣ್ಣು ತಂದಿಡುತ್ತಿದ್ದ, ನನ್ನ ಮೈ ಒರೆಸುತ್ತಿದ್ದ, ಮುಖ ನೋಡುತ್ತಿರಲಿಲ್ಲ. ಕೊನೆಗೊಂದು ಸಂಜೆ, "ನನಗ ಹೇಳದಿದ್ರ ಹೋಗ್ಲಿ," ಎಂದ. "ಅವ್ವನ ಕೈಲಿ ಸುಳ್ಳು ಹೇಳ್ಸಿದ್ಯಲ್ಲಪ್ಪಾ. ಆಂಬುಲೆನ್ಸಿನ್ಯಾಗ ನನ್ ಮುಂದ ತಲಿ ಅಲ್ಲಾಡ್ಸಿದ್ಯಲ್ಲ." ತಪ್ಪಾಯಿತು ಎಂದೆ. ಅಪ್ಪನಾದವನು ಮಗನಿಗೆ ಆ ಮಾತು ಹೇಳುವುದು ನಮ್ಮ ಕಡೆ ರೂಢಿಯಿಲ್ಲ. ಅವನು ನನ್ನ ಬಾತ ಪಾದವನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡ.

ಮನೆಗೆ ಕಳಿಸುವ ಮುಂಚೆ ಡಾಕ್ಟರಮ್ಮ ಹಾಸಿಗೆಯ ಅಂಚಿನಲ್ಲಿ ಕುಳಿತರು. ಬೈಯುತ್ತಾರೆಂದು ಕಾಯುತ್ತಿದ್ದೆ. ಬೈಯಲಿಲ್ಲ. "ಇದು ನಿಮ್ಮ ಹೃದಯಕ್ಕೆ ಮೊದಲ ಪೆಟ್ಟಲ್ಲ ಅಜ್ಜಾ. ಹಿಂದೆ ಒಮ್ಮೆ ಆಗಿದೆ, ಗುರುತಿದೆ. ನಿಮಗೆ ಗೊತ್ತೇ ಆಗಿಲ್ಲ. ಸಕ್ಕರೆ ನರಗಳನ್ನ ಮಂಕು ಮಾಡಿತ್ತು, ನೋವು ಬಂದು ಎಚ್ಚರಿಸಲಿಲ್ಲ. ಆ ಕಡೆ ಬಿಪಿ ಹೃದಯದ ಗೋಡೆ ದಪ್ಪ ಮಾಡ್ತಾ ಇತ್ತು" ಎಂದರು. ಯೋಚಿಸಿದೆ. ಉಜ್ಜಿನಿಗೆ ಹೋಗಿದ್ದ ಒಂದು ಸೋಮವಾರ ನೆನಪಾಯಿತು. ಗುಡಿಯ ಮುಂದೆ ಹೀಗೇ ಬೆವರಿ, ವಾಂತಿಯಾಗಿ, ಕಲ್ಲಿನ ಮೇಲೆ ಬಹಳ ಹೊತ್ತು ಕುಳಿತಿದ್ದೆ. ಅಂದು ದಾರಿಯಲ್ಲಿ ತಿಂದ ಮೆಣಸಿನಕಾಯಿ ಬಜ್ಜಿಯ ಮೇಲೆ ತಪ್ಪು ಹೊರಿಸಿದ್ದೆ. ತಪ್ಪು ಹೊರಿಸಲು ನನಗೆ ಯಾವಾಗಲೂ ಏನಾದರೊಂದು ಸಿಗುತ್ತಿತ್ತು.

ಹೃದಯ ಮೊದಲಿನಂತೆ ಆಗುವುದಿಲ್ಲ ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಇರುವುದನ್ನು ಕಾಪಾಡಿಕೊಳ್ಳಬಹುದು. ಗುಳಿಗೆಗಳನ್ನು ಕಡಿಮೆ ಪ್ರಮಾಣದಿಂದ ಶುರುಮಾಡಿ, ನೋಡಿಕೊಂಡು ಮೆಲ್ಲಗೆ ಏರಿಸಿದರು. ತಲೆ ಸುತ್ತಿದರೆ ಬಂದು ಹೇಳಬೇಕು, ನಾನಾಗಿಯೇ ಬಿಡಬಾರದು. ಅಷ್ಟೇ ಮಾತನ್ನು ಹಗರಿಬೊಮ್ಮನಹಳ್ಳಿಯ ಡಾಕ್ಟರೂ ಮೊದಲ ದಿನವೇ ಹೇಳಿದ್ದರು. ಊರಿಗೆ ಬಂದ ಮೇಲೆ ಅವರ ಹತ್ತಿರ ಹೋಗಿ ಒಲೆಯ ವಿಷಯವನ್ನು ನಾನೇ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು, "ನಾನು ನನ್ನ ಓದಿನ ಮ್ಯಾಲ ಅನುಮಾನ ಪಟ್ಟಿದ್ದೆ ಮಾರಾಯಾ" ಎಂದರು.

ಈಗ ನಾನು ನಿಧಾನವಾಗಿ ನಡೆಯುತ್ತೇನೆ. ಮೂಟೆ ಎತ್ತುವುದಿಲ್ಲ. ಕೆಲವು ದಿನ ಉಸಿರು ಚೆನ್ನಾಗಿರುತ್ತದೆ, ಕೆಲವು ದಿನ ಬಚ್ಚಲಿಗೆ ಹೋಗಿ ಬರುವುದೇ ದೊಡ್ಡ ಪ್ರಯಾಣ. ಭಯ ಹೋಗಿಲ್ಲ. ಬೆವರು ಬಂದಾಗಲೆಲ್ಲ ಇದು ಯಾವ ಬೆವರು ಎಂದು ಮೈ ಮುಟ್ಟಿ ನೋಡಿಕೊಳ್ಳುತ್ತೇನೆ. ಉಪ್ಪುನೀರಿನ ಹದವನ್ನು ಈಗ ಕೊಟ್ರೇಶ ನೋಡುತ್ತಾನೆ, ನೋಡಿ ಹಿತ್ತಿಲ ಬಾಗಿಲಿಗೆ ಹೋಗಿ ಉಗುಳಿ ಬರುತ್ತಾನೆ. ಒಲೆಯ ಮುಂದಲ್ಲವಲ್ಲ, ಕಟ್ಟಳೆ ಮಾಡಿದ ನಮ್ಮಪ್ಪ ಮುನಿಸಿಕೊಳ್ಳಲಾರ. ಮಂಡಕ್ಕಿ ಮಾರುವುದೇನೂ ಕಡಿಮೆಯಾಗಿಲ್ಲ. ನನ್ನ ಸಕ್ಕರೆ ಕಾಯಿಲೆ ಈಗ ಊರಿಗೆಲ್ಲ ಗೊತ್ತು. ಬೇರೆ ಭಟ್ಟಿಗಳವರು ಬಂದು, ತಮಗೂ ಇದೆ ಎಂದು ಸಣ್ಣ ದನಿಯಲ್ಲಿ ಹೇಳಿ ಹೋಗುತ್ತಾರೆ. ಅವರಿಗೆಂದೇ ಇದನ್ನು ಬರೆದೆ.

ಡಾಕ್ಟರು ಏನು ಕೇಳಿದರೂ ನಾನೀಗ "ಆಕೀನ ಕೇಳ್ರಿ, ಆಕಿಗೆ ಎಲ್ಲಾ ತಿಳೀತತಿ" ಎನ್ನುತ್ತೇನೆ. ಹಾಲಮ್ಮ ಕುರ್ಚಿ ಮುಂದಕ್ಕೆಳೆದುಕೊಂಡು ಶುರುಮಾಡುತ್ತಾಳೆ. ಕೂಡ್ಲಿಗಿಯ ಮದುವೆಯಲ್ಲಿ ಕದ್ದು ತಿಂದ ಅರ್ಧ ಹೋಳಿಗೆಯನ್ನೂ ಬಿಡುವುದಿಲ್ಲ.

ಬೆಳಿಗ್ಗೆ ಚಹಾದ ಪಕ್ಕದಲ್ಲಿ ಗುಳಿಗೆ ತಂದಿಡುತ್ತಾಳೆ, ಮೊದಲಿನಂತೆಯೇ. ಆದರೆ ಈಗ ಒಳಗೆ ಹೋಗುವುದಿಲ್ಲ. ಎದುರಿಗೆ ನಿಂತು, ನಾನು ನುಂಗಿ ನೀರು ಕುಡಿಯುವವರೆಗೆ ಕಾಯುತ್ತಾಳೆ.

"ಬಾಯಿ ತಗೀರಿ," ಎನ್ನುತ್ತಾಳೆ.

ತೆಗೆಯುತ್ತೇನೆ.

"ನಾಲಿಗಿ ಎತ್ರಿ."

ಇಡೀ ಭಟ್ಟಿ ಸಾಲಿಗೆ ಹೆಸರಾಗಿದ್ದ ನಾಲಗೆಯನ್ನು, ನಾನು ಎತ್ತಿ ತೋರಿಸುತ್ತೇನೆ.